ರೋಮನ್ನು ಚಂದ್ರವಳ್ಳಿಯಲ್ಲೂ ಓದಬಹುದು

ಅಮೆರಿಕದ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮವರ ಮಕ್ಕಳು ಬೇಸಿಗೆ ರಜೆಗೆ ಊರಿಗೆ ಬರುವುದು ಈಚೆಗೆ ಕಡಿಮೆಯಾಗುತ್ತಿದೆ. ಮೇ ತಿಂಗಳು ಮುಗಿಯುತ್ತಿದ್ದಂತೆ ಅವರಲ್ಲಿ ಕೆಲವರಾದರೂ ರೋಮ್ ನಗರದ ಕಡೆ ಹೊರಡುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯಗಳು ವಿದೇಶಗಳಲ್ಲಿ ನಡೆಸುವ ಐದಾರು ವಾರಗಳ ಬೇಸಿಗೆ ವ್ಯಾಸಂಗಗಳಲ್ಲಿ ಪ್ರಾಚೀನ ರೋಮಿನ ಕಲೆ ಮತ್ತು ಸಂಸ್ಕೃತಿ ಬಹುಕಾಲದಿಂದ ಮೆಚ್ಚಿಗೆ ಪಡೆದ ವಿಷಯ. ನನ್ನ ಅಕ್ಕನ ಮೊಮ್ಮಗಳು ಕಳೆದ ವರ್ಷ ಅಂಥದೊಂದು ತರಗತಿಗೆ ಹೋಗಿಬಂದಳು. ಎಂಜಿನಿಯರಿಂಗ್ ಓದುವ ಹುಡುಗಿಗೆ ರೋಮ್ ಏತಕ್ಕೆ ಎಂದು ಮನೆಯಲ್ಲಿ ಪ್ರಶ್ನೆ ಎದ್ದಿತ್ತು. ಪದವಿಗೆ ಮಾನವಿಕ ವಿಷಯದ ಅಂಕಗಳೂ ಬೇಕು ಎಂಬ ಉತ್ತರ ಬಂದ ಮೇಲೆ ಚರ್ಚೆ ಖರ್ಚಿನ ಕಡೆ ತಿರುಗಿತು. ಹಲವು ಲಕ್ಷ ರೂಪಾಯಿಯ ಮಾತು.

ಹೊರಡುವ ಮುನ್ನ ಆಕೆ ತನ್ನ ಪಠ್ಯಕ್ರಮವನ್ನು ನನಗೂ ಕಳುಹಿಸಿದ್ದಳು. ನಿವೃತ್ತನಾದ ಮೇಲೆ ಇಂಥ ಕಾಗದಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವ ವ್ಯವಧಾನ ನನಗಿದೆ. ಪಾಠ ತರಗತಿಯಲ್ಲಿ ನಡೆಯುವುದು ಕಡಿಮೆ. ಬೆಳಗಿನಿಂದ ನಡೆದಾಟ: ಫೋರಂ, ಪ್ಯಾಂಥಿಯನ್, ಟ್ರಾಜನನ ಸ್ತಂಭ, ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪನೆಗೊಂಡ ಶಾಂತಿಯ ಬಲಿಪೀಠ, ಹಳೆಯ ಬಂದರು ಓಸ್ಟಿಯಾ, ವಾರಾಂತ್ಯದಲ್ಲಿ ಪಾಂಪೇ ಮತ್ತು ನೇಪಲ್ಸ್ ವಸ್ತುಸಂಗ್ರಹಾಲಯ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಸ್ತುವನ್ನು ಆರಿಸಿಕೊಂಡು ಅದರ ಮುಂದೆ ನಿಂತು ಕಾಲು ಗಂಟೆ ಮಾತನಾಡಬೇಕು. ಈ ಕ್ರಮ ನನಗೆ ತುಂಬ ಹಿಡಿಸಿತು. ನಾವು ಎಂ.ಎ. ತರಗತಿಯಲ್ಲಿ ಎಷ್ಟೋ ಆರ್ಥಿಕ ಇತಿಹಾಸ ಓದಿದೆವು. ಒಂದು ಹಳೆಯ ನಾಣ್ಯವನ್ನು ಕೈಯಲ್ಲಿ ಹಿಡಿಯಲಿಲ್ಲ. ಪಠ್ಯಕ್ರಮದ ನಡುವೆ ಒಂದು ದಿನ ನಾಣ್ಯಗಳಿಗೆ ಮೀಸಲಾಗಿತ್ತು: ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ದಿನೇರಿಯಸ್. ಆ ಸಾಲಿನ ಪಕ್ಕದಲ್ಲಿ ನಾನು ಪೆನ್ಸಿಲಿನಿಂದ ‘ಚಂದ್ರವಳ್ಳಿ’ ಎಂದು ಬರೆದು ಆಕೆಗೆ ಕಳುಹಿಸಿದೆ.

ಸೇವೆಯಲ್ಲಿದ್ದಾಗ ಕೆಲವು ವರ್ಷ ನಾನು ಚಿತ್ರದುರ್ಗ ಜಿಲ್ಲೆಯಲ್ಲಿದ್ದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬರ ಪರಿಹಾರದ ಕಡತಗಳೇ ಆಗ ನನ್ನ ಸಾಹಿತ್ಯ. ಭಾನುವಾರ ಸಂಜೆ ದುರ್ಗದ ಬೆಟ್ಟದ ಹಿಂಬದಿಯ ಚಂದ್ರವಳ್ಳಿಗೆ ಹೋಗುವುದು ರೂಢಿಯಾಗಿತ್ತು. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಿನ ಕಣಿವೆ ಅದು. ಕೆರೆ, ಅಂಕಲಿ ಮಠದ ಗವಿಗಳು, ಹುಲಿಗೊಂದಿಯ ಭೈರವೇಶ್ವರ. ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಉಂಡು ಹೋಗುತ್ತಾರೆ. ಅವರು ಕುಳಿತು ಉಣ್ಣುವ ನೆಲದ ಕೆಳಗೆ ಎರಡು ಸಾವಿರ ವರ್ಷದ ಒಂದು ಊರಿದೆ ಎಂಬುದನ್ನು ಯಾರೂ ಅವರಿಗೆ ಹೇಳಿಲ್ಲ.

ಆ ಊರು ಮೊದಲು ಕಣ್ಣಿಗೆ ಬಿದ್ದದ್ದು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಗೆ. 1909ರಲ್ಲಿ ಆರ್. ನರಸಿಂಹಾಚಾರ್ಯರು ಅಲ್ಲಿ ಅಗೆಸಿದರು. 1929ರಲ್ಲಿ ಎಂ.ಎಚ್. ಕೃಷ್ಣ ಅವರು ವಿಸ್ತಾರವಾಗಿ ಉತ್ಖನನ ಮಾಡಿ ಪ್ರತ್ಯೇಕ ವರದಿಯನ್ನೇ ಪ್ರಕಟಿಸಿದರು. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕ ಮಾರ್ಟಿಮರ್ ವ್ಹೀಲರ್ ಬಂದರು. ಈ ಅಗೆತಗಳಲ್ಲಿ ಶಾತವಾಹನರ ಮತ್ತು ಅವರ ಮಹಾರಠಿಗಳ ಸೀಸದ ನಾಣ್ಯಗಳು, ಬಣ್ಣದ ಗೆರೆಗಳ ಮಡಕೆಗಳು, ಮಣಿಗಳು ಸಿಕ್ಕವು. ಅವುಗಳ ಜೊತೆಗೆ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳೂ ಸಿಕ್ಕವು. ಟೈಬರ್ ನದಿಯ ದಡದ ರಾಜಮುಖ ಬಯಲುಸೀಮೆಯ ಮಣ್ಣಿನಲ್ಲಿ!

ಇದರಿಂದ ‘ರೋಮನ್ನರು ಚಿತ್ರದುರ್ಗಕ್ಕೆ ಬಂದಿದ್ದರು’ ಎಂದು ಭಾಷಣ ಮಾಡುವವರನ್ನು ನಾನು ಕಂಡಿದ್ದೇನೆ. ಅದಕ್ಕೆ ಆಧಾರವಿಲ್ಲ. ನಾಣ್ಯ ಬಂದಿತ್ತು, ಅದು ಬರಲು ರೋಮನ್ನನೇ ಬರಬೇಕಾಗಿಲ್ಲ. ಕರಾವಳಿಯ ಬಂದರಿನಲ್ಲಿ ಹಡಗಿನಿಂದ ಇಳಿದ ಬೆಳ್ಳಿ ಐದಾರು ವರ್ತಕರ ಕೈ ದಾಟಿ ಈ ಕಣಿವೆಗೆ ತಲುಪಿರಬಹುದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ, ಎಚ್.ಎ.ಎಲ್. ಬಳಿ 1965ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿಗಳೇ ಸಿಕ್ಕಿವೆ. ಅಂದಮೇಲೆ ಚಂದ್ರವಳ್ಳಿಯದು ಒಂಟಿ ಪವಾಡವೂ ಅಲ್ಲ. ಆದರೆ ಯಶವಂತಪುರದ ನಾಣ್ಯಗಳು ಹೂತಿಟ್ಟ ಗಂಟು. ಚಂದ್ರವಳ್ಳಿಯ ನಾಣ್ಯ ಒಂದು ಊರಿನ ಬಾಳುವೆಯ ನಡುವೆ, ಸ್ಥಳೀಯ ಚಿಲ್ಲರೆಯ ಜೊತೆ ಸಿಕ್ಕಿದ್ದು. ಅರ್ಥಶಾಸ್ತ್ರ ಓದಿದವನಿಗೆ ಎರಡನೆಯದೇ ಹೆಚ್ಚು ರುಚಿ. ಸಂತೆಯ ವ್ಯವಹಾರಕ್ಕೆ ಸೀಸದ ಕಾಸು, ದೊಡ್ಡ ವ್ಯಾಪಾರಕ್ಕೆ ದೂರದ ಬೆಳ್ಳಿ ಎಂಬ ಎರಡು ಅಂತಸ್ತಿನ ಹಣದ ವ್ಯವಸ್ಥೆ ಇಲ್ಲಿತ್ತೇ ಎಂಬ ಪ್ರಶ್ನೆಯನ್ನು ಆ ನೆಲ ನಮ್ಮ ಮುಂದಿಡುತ್ತದೆ.

ಒಮ್ಮೆ ಅಲ್ಲಿ ಪ್ರವಾಸ ಬಂದಿದ್ದ ಪದವಿ ವಿದ್ಯಾರ್ಥಿಗಳಿಗೆ ನಾನು ಈ ಸಂಗತಿ ಹೇಳುತ್ತಿದ್ದಾಗ ಹೊಸದುರ್ಗದ ಕಡೆಯ ಒಬ್ಬ ಹುಡುಗ ಕೇಳಿದ: ‘ಆ ಒಂದು ನಾಣ್ಯಕ್ಕೆ ಏನು ಬರುತ್ತಿತ್ತು ಸಾರ್?’ ಯಾವ ಪಠ್ಯಪುಸ್ತಕವೂ ಕೇಳದ ಪ್ರಶ್ನೆ. ಇಲ್ಲಿನ ಬೆಲೆಗಳ ದಾಖಲೆ ನಮಗಿಲ್ಲ, ಅಲ್ಲಿನದಿದೆ. ಆಗಸ್ಟಸನ ಕಾಲದ ಕಾಲಾಳು ಸೈನಿಕನಿಗೆ ವರ್ಷಕ್ಕೆ 225 ದಿನೇರಿಯಸ್ ಸಂಬಳ. ಕೂಲಿಯವನ ಒಂದು ದಿನದ ದುಡಿಮೆಗೆ ಹೆಚ್ಚು ಕಡಿಮೆ ಒಂದು ನಾಣ್ಯ. ನಮ್ಮ ಸಂಸ್ಕೃತ ಗ್ರಂಥಗಳಲ್ಲಿ, ಗುಪ್ತರ ಶಾಸನಗಳಲ್ಲಿ ಬರುವ ‘ದೀನಾರ’ ಎಂಬ ಶಬ್ದ ಈ ದಿನೇರಿಯಸ್ಸಿನ ಕೂಸೇ.

ಇದೇ ಕಾಲದ ಲೇಖಕ ಪ್ಲಿನಿ, ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ರೋಮ್ ಸಾಮ್ರಾಜ್ಯದಿಂದ ಸೆಳೆದುಕೊಳ್ಳುತ್ತಿದೆ ಎಂದು ಅಲವತ್ತುಕೊಂಡ. ನಾಲ್ಕು ಸೆಸ್ಟರ್ಸ್‌ಗೆ ಒಂದು ದಿನೇರಿಯಸ್. ಅಂದರೆ ಒಂದೂಕಾಲು ಕೋಟಿ ದಿನೇರಿಯಸ್, ಸುಮಾರು 55 ಸಾವಿರ ಸೈನಿಕರ ಒಂದು ವರ್ಷದ ಸಂಬಳ. ನೀತಿಬೋಧಕನ ಉತ್ಪ್ರೇಕ್ಷೆ ಎಂದು ವಿದ್ವಾಂಸರು ಇದನ್ನು ಬಹುಕಾಲ ತಳ್ಳಿಹಾಕಿದ್ದರು. 1985ರಲ್ಲಿ ಪ್ರಕಟವಾದ ಒಂದು ಪಪೈರಸ್ ಹಾಳೆ ಆ ಆತ್ಮವಿಶ್ವಾಸವನ್ನು ಅಲುಗಿಸಿತು. ವಿಯೆನ್ನಾದಲ್ಲಿರುವ ಆ ಹಾಳೆ ಕೇರಳದ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ ಸಾಲಪತ್ರ. ‘ಹೆರ್ಮಪೊಲ್ಲೋನ್’ ಎಂಬ ಒಂದೇ ಹಡಗಿನ ಸರಕಿಗೆ ಅದರಲ್ಲಿ ಕಟ್ಟಿದ ಬೆಲೆ ಸುಮಾರು 70 ಲಕ್ಷ ಸೆಸ್ಟರ್ಸ್. ವರ್ಷಕ್ಕೆ 120 ಹಡಗು ಭಾರತದ ಕಡೆ ಹೊರಡುತ್ತವೆ ಎಂದು ಸ್ಟ್ರಾಬೋ ಕೇಳಿ ಬರೆದಿದ್ದ. ಹಾಗಾದರೆ ಪ್ಲಿನಿಯ ಐದು ಕೋಟಿ ಏಳೇ ಹಡಗಿನ ಮಾಲು! ಅಲೆಕ್ಸಾಂಡ್ರಿಯದ ಮಾರಾಟದ ಬೆಲೆ ಬೇರೆ, ಇಲ್ಲಿ ಕೊಂಡ ಬೆಲೆ ಬೇರೆ ಎಂಬ ಎಚ್ಚರ ಇರಬೇಕು, ನಿಜ. ಆದರೂ ವಿದೇಶಿ ವಿನಿಮಯದ ಕೊರತೆಯ ಬಗ್ಗೆ ಮೊದಲು ಗೋಳಾಡಿದವರು ನಮ್ಮ ಹಣಕಾಸು ಮಂತ್ರಿಗಳಲ್ಲ ಎಂದು ತಿಳಿದಾಗ ಒಂದು ಬಗೆಯ ಸಮಾಧಾನವಾಗುತ್ತದೆ.

ನಾಣ್ಯದ ಕಲೆಯೂ ಸಣ್ಣದಲ್ಲ. ಆಗಸ್ಟಸ್ 75 ವರ್ಷ ಬದುಕಿದ; ನಾಣ್ಯದ ಮೇಲೆ ಅವನಿಗೆ ಮುಪ್ಪೇ ಬರಲಿಲ್ಲ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗುವ ಅವನ ನಾಣ್ಯದ ಹಿಂಬದಿಯಲ್ಲಿ ಗುರಾಣಿ ಈಟಿಗಳೊಂದಿಗೆ ನಿಂತ ಇಬ್ಬರು ಹುಡುಗರು, ಅವನು ದತ್ತು ತೆಗೆದುಕೊಂಡಿದ್ದ ಮೊಮ್ಮಕ್ಕಳು. ಉತ್ತರಾಧಿಕಾರಿಗಳು ಯಾರು ಎಂಬ ಪ್ರಚಾರ ಅದು. ಇಬ್ಬರೂ ಅಜ್ಜನಿಗಿಂತ ಮೊದಲೇ ತೀರಿಕೊಂಡರು. ನಾಣ್ಯ ಮಾತ್ರ ಅವರ ಹೆಸರು ಹೊತ್ತು ಸಮುದ್ರ ದಾಟಿತು. ಕ್ರಿ.ಶ. 64ರ ಹೊತ್ತಿಗೆ ನೀರೋ ಬೆಳ್ಳಿ ನಾಣ್ಯದ ತೂಕವನ್ನು ಇಳಿಸಿದ: ಒಂದು ರೋಮನ್ ಪೌಂಡ್ ಬೆಳ್ಳಿಯಲ್ಲಿ ಮೊದಲು 84 ನಾಣ್ಯ ಮಾಡುತ್ತಿದ್ದರು, ಅವನು 96 ಮಾಡಿದ. ನಮ್ಮ ಕಡೆ ಸಿಗುವ ರೋಮನ್ ಬೆಳ್ಳಿಯಲ್ಲಿ ಬಹುಪಾಲು ಅದಕ್ಕೂ ಹಿಂದಿನ ಆಗಸ್ಟಸ್, ಟೈಬೀರಿಯಸರದ್ದು. ನಮ್ಮ ವರ್ತಕರು ಹಳೆಯ ಒಳ್ಳೆಯ ನಾಣ್ಯವನ್ನೇ ಆರಿಸಿಕೊಂಡರೆಂಬ ಊಹೆಗೆ ಇದು ಪುಷ್ಟಿ ಕೊಡುತ್ತದೆ. ಪುದುಕೋಟೆಯಲ್ಲಿ 1898ರಲ್ಲಿ ಸಿಕ್ಕ ಚಿನ್ನದ ನಾಣ್ಯಗಳ ರಾಶಿಯಲ್ಲಿ ಬಹುತೇಕ ಎಲ್ಲದರ ಮೇಲೂ ಚಕ್ರವರ್ತಿಯ ಮುಖಕ್ಕೆ ಅಡ್ಡವಾಗಿ ಉಳಿಯಿಂದ ಗೀರಿದ್ದಾರೆ. ರೋಮಿನ ಶಿಲ್ಪಕಲೆಯ ವಿಮರ್ಶೆಗಳಲ್ಲಿ ಇದರಷ್ಟು ನೇರವಾದದ್ದು ಇನ್ನೊಂದಿಲ್ಲ!

ಆದರೆ ರೋಮಿಗೂ ದುರ್ಗಕ್ಕೂ ಇರುವ ನಿಜವಾದ ನಂಟು ನಾಣ್ಯದಲ್ಲಿಲ್ಲ, ಮಡಕೆಯಲ್ಲಿದೆ. ಇಟಲಿಯ ಅರೆಜ್ಜೋ ಊರಿನಲ್ಲಿ ಹೊಳಪಿನ ಕೆಂಪು ಪಾತ್ರೆಗಳನ್ನು ಮಾಡಿ ಕುಂಬಾರನ ಮುದ್ರೆ ಒತ್ತುತ್ತಿದ್ದರು. ಅವು ಯಾವ ಕಾಲದವೆಂದು ಚೆನ್ನಾಗಿ ಗೊತ್ತಿತ್ತು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ವ್ಹೀಲರರಿಗೆ ಅಂಥ ಚೂರುಗಳು, ಅವುಗಳ ಜೊತೆಗೇ ಒಳಮೈಯಲ್ಲಿ ಉರುಳುಗುಪ್ಪೆಯ ಅಲಂಕಾರವಿದ್ದ ಬೇರೊಂದು ಬಗೆಯ ತಟ್ಟೆಗಳು ಸಿಕ್ಕವು. ಆ ತಟ್ಟೆಯ ಚೂರು ಒಳನಾಡಿನಲ್ಲಿ ಎಲ್ಲಿ ಸಿಕ್ಕರೆ ಅಲ್ಲಿನ ಮಣ್ಣಿನ ಪದರಕ್ಕೆ ಕಾಲ ಹೇಳಬಹುದು ಎಂಬುದು ಅವರ ತರ್ಕ. ಅದನ್ನು ಹಿಡಿದುಕೊಂಡೇ ಅವರು 1947ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ, ಆಮೇಲೆ ಚಂದ್ರವಳ್ಳಿಗೆ ಬಂದದ್ದು. ತಟ್ಟೆಯ ಚೂರು ಎರಡೂ ಕಡೆ ಸಿಕ್ಕಿತು. ಅದರ ಕೆಳಗೆ ಬೃಹತ್ ಶಿಲಾಗೋರಿಗಳವರ ಪದರ, ಇನ್ನೂ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯವರ ಪದರ. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಮೊದಲ ಕಾಲಪಟ್ಟಿ ಸಿದ್ಧವಾದದ್ದು ಹೀಗೆ, ಇಟಲಿಯ ಕುಂಬಾರನ ಮುದ್ರೆಯಿಂದ ಶುರುವಾಗಿ.

ಪಟ್ಟಿ ಸಿದ್ಧವಾಯಿತು, ಆದರೆ ಗಿಡ್ಡವಾಯಿತು. ರೋಮಿನ ಕಾಲವನ್ನು ಗೂಟವಾಗಿಟ್ಟುಕೊಂಡು ಕೆಳಕ್ಕೆ ಅಳೆದ ವ್ಹೀಲರ್ ಬ್ರಹ್ಮಗಿರಿಯ ಶಿಲಾಗೋರಿಗಳಿಗೆ ಕ್ರಿ.ಪೂ. 200ರ ಸುಮಾರನ್ನು, ಕಲ್ಲುಕೊಡಲಿಗೆ ಅದಕ್ಕಿಂತ ಕೆಲವೇ ಶತಮಾನ ಹಿಂದಿನ ಕಾಲವನ್ನು ಕೊಟ್ಟರು. 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ ಸಿಕ್ಕ ಇದ್ದಿಲಿನ ಪರೀಕ್ಷೆ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ನವಶಿಲಾಯುಗ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ಇನ್ನೂ ಸೋಜಿಗದ ಸಂಗತಿಯೆಂದರೆ, ವ್ಹೀಲರ್ ರೋಮನ್ ಪ್ರಭಾವದ್ದೆಂದು ನಂಬಿದ್ದ ಆ ಉರುಳುಗುಪ್ಪೆಯ ತಟ್ಟೆ ಭಾರತದ್ದೇ ಸರಕು. ಈಚಿನ ದಶಕಗಳ ಜೇಡಿಮಣ್ಣಿನ ವಿಶ್ಲೇಷಣೆಗಳು ಗಂಗೆಯ ಕೆಳಬಯಲಿನ ಕಡೆ ಬೆರಳು ತೋರಿಸಿವೆ. ಚಂದ್ರವಳ್ಳಿಯ ಮನೆಯೊಂದರಲ್ಲಿ ಊಟಕ್ಕೆ ಬಳಸಿದ ‘ರೋಮನ್’ ತಟ್ಟೆ ಬಂದದ್ದು ಬಹುಶಃ ಬಂಗಾಳದ ಕಡೆಯಿಂದ!

ರೋಮನ್ನು ಓದುವುದು ನಮಗೆ ಏಕೆ ಬೇಕು ಎಂಬುದಕ್ಕೆ ನನ್ನ ಉತ್ತರ ಈ ಪ್ರಸಂಗದಲ್ಲಿದೆ. ನಮ್ಮ ಹಿಂದಿನದನ್ನು ಅಳೆಯಲು ಮೊದಲ ಗಜಕಡ್ಡಿಯನ್ನು ಕೊಟ್ಟದ್ದು ರೋಮ್. ಆ ಗಜಕಡ್ಡಿಯ ದೋಷವನ್ನು ತಿದ್ದಿದ್ದು ಇಲ್ಲಿನ ಮಣ್ಣು. ಎರಡನ್ನೂ ಬಲ್ಲವನೇ ಅದನ್ನು ಮಾಡಲು ಸಾಧ್ಯ. ರೋಮಿಗೆ ಹೋಗಿ ಬರುವ ಮಕ್ಕಳಿಗೆ ಚಂದ್ರವಳ್ಳಿ ಗೊತ್ತಿಲ್ಲ. ಚಂದ್ರವಳ್ಳಿಯಲ್ಲಿ ಬುತ್ತಿ ಬಿಚ್ಚುವ ಮಕ್ಕಳಿಗೆ ರೋಮ್ ಗೊತ್ತಿಲ್ಲ.

ಅಕ್ಕನ ಮೊಮ್ಮಗಳು ತನ್ನ ಕಾಲು ಗಂಟೆಯ ಮಾತಿಗೆ ಟೈಬೀರಿಯಸನ ನಾಣ್ಯವನ್ನೇ ಆರಿಸಿಕೊಂಡಳು. ಹಿಂಬದಿಯಲ್ಲಿ ಕುಳಿತಿರುವ ಹೆಂಗಸು ಅವನ ತಾಯಿ ಲಿವಿಯಾ ಇರಬಹುದೆಂಬುದರಿಂದ ಶುರುಮಾಡಿ ನಾನು ಕಳುಹಿಸಿದ್ದ ಟಿಪ್ಪಣಿಯ ಬಲದಿಂದ ಚಿತ್ರದುರ್ಗದವರೆಗೆ ಬಂದಳಂತೆ. ಅಧ್ಯಾಪಕಿಗೆ ಸಂತೋಷವಾಗಿ, ಆ ಸ್ಥಳ ಈಗ ಹೇಗಿದೆ, ನಕ್ಷೆ ಇದೆಯೇ ಎಂದು ಕೇಳಿದರಂತೆ. ಹುಡುಗಿಗೆ ಸಿಕ್ಕಿದ್ದು ವ್ಹೀಲರರ ವರದಿಯಲ್ಲಿದ್ದ ನಕ್ಷೆ, ಮತ್ತು ಪ್ರವಾಸಿಗರು ಕೆರೆಯ ಮುಂದೆ ತೆಗೆಸಿಕೊಂಡ ಫೋಟೋಗಳು. ನೇಪಲ್ಸಿನಲ್ಲಿ ಆಕೆ ಪಾಂಪೇಯ ದಂತದ ಗೊಂಬೆಯನ್ನೂ ಕಂಡಳು. ಕ್ರಿ.ಶ. 79ರ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿ 1938ರಲ್ಲಿ ಹೊರಬಂದ ಭಾರತೀಯ ಸ್ತ್ರೀಯ ಪುಟ್ಟ ಮೂರ್ತಿ ಅದು. ಅದರ ಬುಡದಲ್ಲಿ ಖರೋಷ್ಠಿ ಲಿಪಿಯ ಗುರುತೊಂದಿದೆ. ವಾಯವ್ಯ ಭಾರತದ ಆ ಲಿಪಿ ನಮ್ಮ ಜಿಲ್ಲೆಯಲ್ಲೂ ಇದೆ ಎಂದು ನಾನು ಆಕೆಗೆ ಬರೆದೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನ ಬ್ರಾಹ್ಮಿಯಲ್ಲಿದ್ದರೂ, ಅದನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಪರಸ್ಥಳದ ನೌಕರನೊಬ್ಬ ಬಯಲುಸೀಮೆಯ ಬಂಡೆಯ ಮೇಲೆ ತನ್ನ ಊರಿನ ಅಕ್ಷರದಲ್ಲಿ ಸಹಿ ಹಾಕಿದ ಹಾಗೆ. ಎಷ್ಟೋ ಊರಿಗೆ ವರ್ಗವಾಗಿ ಹೋದ ನನಗೆ ಈ ಚಪಡನ ಮೇಲೆ ವಿಶೇಷ ಪ್ರೀತಿ.

ಹಾಗಾದರೆ ಚಿತ್ರದುರ್ಗದಲ್ಲಿ ಹತ್ತು ದಿನದ ಒಂದು ರಜಾ ವ್ಯಾಸಂಗವನ್ನು ಏಕೆ ನಡೆಸಬಾರದು? ರೋಮಿನ ಮಾದರಿಯಲ್ಲೇ, ನಡೆದಾಡುತ್ತ, ವಸ್ತುವಿನ ಮುಂದೆ ನಿಂತು ಮಾತನಾಡುತ್ತ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಾಲೇಜು ಮಕ್ಕಳು ಬಸ್ಸಿನಲ್ಲಿ ಬಂದು ಹೋಗುವಷ್ಟು ಹತ್ತಿರ. ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಪಕ್ಕದಲ್ಲೇ ಇದೆ. ಓದಲು ಸಾಮಗ್ರಿಗೆ ಬರವಿಲ್ಲ. ಆಗಸ್ಟಸ್ ತನ್ನ ಸಾಧನೆಗಳನ್ನು ತಾನೇ ಬರೆಸಿದ ದೀರ್ಘ ಶಾಸನ ಅಂಕಾರಾದ ದೇವಾಲಯದ ಗೋಡೆಯ ಮೇಲೆ ಉಳಿದಿದೆ. ಅದರಲ್ಲಿ ಭಾರತದ ರಾಜರು ತನ್ನಲ್ಲಿಗೆ ದೂತರನ್ನು ಕಳುಹಿಸಿದರೆಂಬ ಹೆಮ್ಮೆಯ ಮಾತಿದೆ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪುಟ್ಟ ಪ್ರಾಕೃತ ಶಾಸನವಿದೆ. ಪಲ್ಲವ, ಆಭೀರ, ಪುನ್ನಾಟ ಎಂದು ಗೆದ್ದವರ ಪಟ್ಟಿ ಅಲ್ಲಿಯೂ ಉಂಟು. ಆದರೆ ಅದನ್ನು ಬರೆಸಿದ ನಿಮಿತ್ತ ಒಂದು ಕೆರೆ. ಎರಡನ್ನೂ ಒಂದೇ ಬೆಳಿಗ್ಗೆ ಕೂಡಿಸಿ ಓದಿದರೆ ರಾಜರ ಬಡಾಯಿಯ ಜಾತಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ರೋಮಿನ ಮೇಲ್ಗಾಲುವೆಗಳ ಪಾಠವನ್ನು ಹಿರಿಯೂರಿನ ಮಾರಿಕಣಿವೆಯಲ್ಲಿ ಮಾಡಬಹುದು. 1898ರಿಂದ 1907ರವರೆಗೆ ಎರಡು ಗುಡ್ಡಗಳ ನಡುವೆ ಕಟ್ಟಿದ, 1933ರ ನಂತರ 2022ರಲ್ಲಿ ಕೋಡಿಬಿದ್ದ ಆ ಕಲ್ಲುಕಟ್ಟೆಯ ಮುಂದೆ ನಿಂತು ನಮ್ಮ ಗಾರೆಯವರ ಇಟ್ಟಿಗೆಪುಡಿ–ಸುಣ್ಣದ ಸುರ್ಕಿಯನ್ನೂ, ನೀರು ಸೋರದಂತೆ ರೋಮನ್ನರು ಬಳಿಯುತ್ತಿದ್ದ ಇಟ್ಟಿಗೆಪುಡಿಯ ಗಿಲಾವನ್ನೂ ಹೋಲಿಸಬಹುದು. ಸಂಜೆ ಬೇಸರ ಕಳೆಯಲು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವಿದೆ. ಅದರ ಕಾಡುಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಶ್ ಸೂಚಿಸಿದರು, ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಮುಂದುವರಿಸಿದರು, ಎಲ್ಲರೂ ಇಂದಿಗೂ ಒಪ್ಪಿಲ್ಲ. ಜಗಳವಾಡಲು ಇಷ್ಟು ಒಳ್ಳೆಯ ವಿಷಯ ತರುಣರಿಗೆ ಮತ್ತೆಲ್ಲಿ ಸಿಕ್ಕೀತು?

ಇದು ಬರಿಯ ಜ್ಞಾನದಾಹದ ಮಾತಲ್ಲ. ನಾನು ಕಂದಾಯ ಇಲಾಖೆಯಲ್ಲಿದ್ದವನು. ನೆಲದಲ್ಲಿ ನಿಧಿ ಸಿಕ್ಕರೆ ಅಧಿಕಾರಿಗೆ ತಿಳಿಸಬೇಕೆಂದು ಕಾನೂನಿದೆ, ಹೊಲದ ಒಡೆಯನಿಗೂ ಸಿಕ್ಕಿದವನಿಗೂ ಪಾಲು ಕೊಡುವ ವಿಧಿಯೂ ಅದರಲ್ಲಿದೆ. ಹಳ್ಳಿಯಲ್ಲಿ ಆ ಎರಡನೆಯ ಭಾಗ ಯಾರಿಗೂ ಗೊತ್ತಿಲ್ಲ. ಪೊಲೀಸರು ಬರುತ್ತಾರೆ, ಹೊಲ ಹೋಗುತ್ತದೆ ಎಂಬ ಹೆದರಿಕೆ ಒಂದೇ ಗೊತ್ತು. ಹೀಗಾಗಿ ಸಿಕ್ಕಿದ್ದು ರಾತ್ರೋರಾತ್ರಿ ಅಕ್ಕಸಾಲಿಯ ಮೂಸೆಗೆ ಹೋಗುತ್ತದೆ. ಒಂದು ದಿನೇರಿಯಸ್ಸಿನಲ್ಲಿ ಇರುವುದು ನಾಲ್ಕು ಗ್ರಾಮಿಗೂ ಕಡಿಮೆ ಬೆಳ್ಳಿ. ಕರಗಿಸಿದರೆ ಬರುವುದು ಅಷ್ಟರ ಬೆಲೆ ಮಾತ್ರ. ಈಗ ತೋಟಕ್ಕೆ ಗುಂಡಿ ತೋಡುವುದು, ಕೃಷಿಹೊಂಡ ತೆಗೆಯುವುದು ಜೆಸಿಬಿ. ಸನಿಕೆಯಾದರೆ ಮಡಕೆಗೆ ತಗುಲಿದಾಗ ಕೈಗೆ ತಿಳಿಯುತ್ತಿತ್ತು, ಯಂತ್ರಕ್ಕೆ ತಿಳಿಯುವುದಿಲ್ಲ. ಹೊಳಲ್ಕೆರೆ, ಹೊಸದುರ್ಗಗಳ ತೆಂಗು ಅಡಿಕೆಯ ತೋಟಗಳಲ್ಲಿ ಒಂದು ವರ್ಷಕ್ಕೆ ಎಷ್ಟು ಮಣ್ಣು ಮೇಲುಕೆಳಗಾಗುತ್ತದೆ ಎಂದು ಯೋಚಿಸಿದರೆ ಎದೆ ಜುಂ ಎನ್ನುತ್ತದೆ. ಅದನ್ನೆಲ್ಲ ಕಾಯಲು ಯಾವ ಇಲಾಖೆಗೂ ಸಿಬ್ಬಂದಿ ಇರಲು ಸಾಧ್ಯವಿಲ್ಲ. ಆ ತೋಟದ ಮನೆಯಲ್ಲಿ ಟೈಬೀರಿಯಸನ ಮುಖವನ್ನು ಒಮ್ಮೆ ಚಿತ್ರದಲ್ಲಾದರೂ ನೋಡಿದ, ಉರುಳುಗುಪ್ಪೆಯ ಚೂರನ್ನು ಬೆರಳಿನಿಂದ ಸವರಿದ ಒಬ್ಬ ಮಗನೋ ಮಗಳೋ ಇದ್ದರೆ ಯಂತ್ರವನ್ನು ಐದು ನಿಮಿಷ ನಿಲ್ಲಿಸಬಹುದು.

ಖರ್ಚು ಎಷ್ಟಾದೀತು ಎಂದು ಮಿತ್ರರೊಬ್ಬರು ಕೇಳಿದರು. ವಿದ್ಯಾರ್ಥಿನಿಲಯದ ಕೊಠಡಿ, ಊಟ, ಒಂದು ಬಸ್ಸು, ನಾಲ್ವರು ಉಪನ್ಯಾಸಕರ ದಾರಿಖರ್ಚು, ಹತ್ತಾರು ನಾಣ್ಯಗಳ ಅಚ್ಚುಪ್ರತಿಗಳು. ಮೂವತ್ತು ಮಂದಿಗೆ ತಗಲುವುದು ಒಬ್ಬಳು ರೋಮಿಗೆ ಹೋಗಿಬರುವ ಹಣಕ್ಕಿಂತ ಹೆಚ್ಚಾಗಲಾರದು. ಬೇಸಿಗೆಯಲ್ಲಿ ಮಾತ್ರ ಬೇಡ. ಏಪ್ರಿಲ್ ತಿಂಗಳ ಮಧ್ಯಾಹ್ನ ದುರ್ಗದ ಬಂಡೆಯ ಮೇಲೆ ನಿಂತು ಪಾಠ ಕೇಳುವುದು ಯಾರ ಕೈಯಲ್ಲೂ ಆಗದು. ಡಿಸೆಂಬರ್ ಒಳ್ಳೆಯದು, ಕೆರೆಯಲ್ಲಿ ನೀರಿರುತ್ತದೆ, ಅಕ್ಕನ ಮೊಮ್ಮಗಳಿಗೂ ಆಗ ರಜೆಯಂತೆ. ತನ್ನ ಗೆಳತಿಯರಿಬ್ಬರನ್ನು ಕರೆತರಬಹುದೇ ಎಂದು ಈಗಾಗಲೇ ಕೇಳಿದ್ದಾಳೆ.